ಎರಡನೇ ಅಧ್ಯಾಯ ವಾಪಸ್ ಬರದಿರಲು: ಸಂಶೋಧನಾ ವಿದ್ಯಾರ್ಥಿಗಳಿಗೆ ಸಾಹಿತ್ಯ ಸಮೀಕ್ಷೆಯ ಸಮಗ್ರ ಮಾರ್ಗದರ್ಶಿ

ಕಳೆದ ತಿಂಗಳು ಒಬ್ಬ ವಿದ್ಯಾರ್ಥಿನಿ ತನ್ನ ಮಹಾಪ್ರಬಂಧದ ಎರಡನೇ ಅಧ್ಯಾಯವನ್ನು, ಅಂದರೆ ತನ್ನ ವಿಷಯದ ಮೇಲೆ ಹಿಂದೆ ನಡೆದ ಸಂಶೋಧನೆಗಳನ್ನು ಪರಿಶೀಲಿಸುವ ಸಾಹಿತ್ಯ ಸಮೀಕ್ಷೆಯನ್ನು, ತಂದು ನನ್ನ ಮೇಜಿನ ಮೇಲಿಟ್ಟಳು. ನಲವತ್ತೊಂದು ಪುಟ. ಮೊದಲ ಪುಟದ ನೆತ್ತಿಯ ಮೇಲೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಒಂದೇ ಪದ ಬರೆದಿದ್ದರು: 'ಪುನಃ'. ಅವಳಿಗೆ ಆ ಪದ ಸಿಕ್ಕಿದ್ದು ಅದು ಮೂರನೇ ಸಲ. ಪುಟ ತಿರುವಿದೆ. ಪ್ರತಿ ಪ್ಯಾರಾ ಒಬ್ಬ ಸಂಶೋಧಕರ ಹೆಸರು ಮತ್ತು ಇಸವಿಯಿಂದ ಶುರುವಾಗಿ 'ಎಂದು ವರದಿ ಮಾಡಿದ್ದಾರೆ' ಎಂಬಲ್ಲಿಗೆ ಮುಗಿಯುತ್ತಿತ್ತು. ಹತ್ತನೇ ಪುಟದ ಪ್ಯಾರಾವನ್ನು ಮೂವತ್ತನೇ ಪುಟಕ್ಕೆ ಒಯ್ದಿಟ್ಟಿದ್ದರೂ ಅಧ್ಯಾಯಕ್ಕೆ ಏನೂ ಆಗುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿಯೇ.

ಆ ಹುಡುಗಿ ಸೋಮಾರಿಯಲ್ಲ, ನೂರಕ್ಕೂ ಹೆಚ್ಚು ಲೇಖನ ಓದಿದ್ದಳು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಲವು ವಿದ್ಯಾರ್ಥಿಗಳ ಕರಡುಗಳನ್ನು ನಾನು ನೋಡಿದ್ದೇನೆ. ದುಡಿಮೆಯ ಕೊರತೆಯಿಂದ ಕೆಟ್ಟ ಅಧ್ಯಾಯ ಕಡಿಮೆ, ಕೆಲಸದ ಕ್ರಮ ತಪ್ಪಿ ಕೆಟ್ಟದ್ದೇ ಹೆಚ್ಚು. ಮೊದಲ ಲೇಖನ ಓದಿದ ದಿನವೇ ಬರೆಯಲು ಕೂರುತ್ತಾರೆ. ತೂರದೆ ಚೀಲ ತುಂಬಿದರೆ ಕಾಳಿನ ಜೊತೆ ಹೊಟ್ಟೂ ಸೇರುತ್ತದೆ. ಈ ಮಾರ್ಗದರ್ಶಿಯಲ್ಲಿ ಬರವಣಿಗೆ ಶುರುವಾಗುವುದು ಎಂಟನೇ ಹಂತದಲ್ಲಿ. ಅದಕ್ಕೂ ಮೊದಲಿನ ಏಳು ಹಂತಗಳನ್ನು ಹಾರಿಸಬೇಡಿ.

ಉದಾಹರಣೆಗೆ ನಮ್ಮ ಹೊಲದ ತೊಗರಿಯನ್ನೇ ತೆಗೆದುಕೊಂಡಿದ್ದೇನೆ. ನಿಮ್ಮದು ರಸಾಯನವಿಜ್ಞಾನವಾಗಲಿ, ಪಶುವೈದ್ಯಕೀಯವಾಗಲಿ, ಕ್ರಮ ಇದೇ.

ಮೊದಲು ಕೂಡಿಟ್ಟುಕೊಳ್ಳಬೇಕಾದ ಸಲಕರಣೆ

ನಾಲ್ಕು ವಸ್ತು ಸಾಕು. ಒಂದು, ಉಲ್ಲೇಖಗಳನ್ನು ನಿರ್ವಹಿಸುವ ತಂತ್ರಾಂಶ. ಜೊಟೆರೊ ಉಚಿತವಾಗಿ ಸಿಗುತ್ತದೆ. ಅದರ ಸರ್ವರ್‌ನಲ್ಲಿ ಕಡತ ಇಡಲು 300 ಎಂಬಿ ಮಾತ್ರ ಪುಕ್ಕಟೆ, ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಇಡಬಹುದು. ಎರಡು, ಎಕ್ಸೆಲ್‌ನಂಥ ಒಂದು ಕೋಷ್ಟಕ ಕಡತ. ಮೂರು, ಇನ್ನೂರು ಪುಟದ ಒಂದು ನೋಟ್‌ಬುಕ್. ನಾಲ್ಕು, ಲೇಖನಗಳ ಪೂರ್ಣಪಾಠ ಪಡೆಯುವ ದಾರಿ.

ನಾಲ್ಕನೆಯದರಲ್ಲೇ ಬಹಳ ಜನ ಎಡವುತ್ತಾರೆ. ಲೇಖನ ಹಣ ಕೇಳಿತೆಂದು ಸಾರಾಂಶವನ್ನಷ್ಟೇ ಓದಿ ಉಲ್ಲೇಖಿಸಿಬಿಡುತ್ತಾರೆ. 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವ ಯೋಜನೆ ಅದು. ಗುಲ್ಬರ್ಗ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದವರಾಗಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಾಗಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರಾಗಲಿ, ಮೊದಲ ವಾರದಲ್ಲೇ ಅರ್ಧ ದಿನ ಗ್ರಂಥಪಾಲಕರ ಎದುರು ಕುಳಿತು ನಿಮ್ಮ ಖಾತೆ ತೆರೆಸಿಕೊಳ್ಳಿ, ಮನೆಯಿಂದ ಪ್ರವೇಶಿಸುವುದು ಹೇಗೆಂದು ಕೇಳಿ ತಿಳಿಯಿರಿ. ಕೃಷಿ ವಿದ್ಯಾರ್ಥಿಗಳು ಕೃಷಿ ಸಂಸ್ಥೆಗಳ ಇ-ನಿಯತಕಾಲಿಕೆ ಒಕ್ಕೂಟವಾದ ಸೆರಾದ ದಾರಿ ತಮಗೆ ತೆರೆದಿದೆಯೇ ಎಂದೂ ಕೇಳಲಿ. ಅಷ್ಟಾದರೂ ಸಿಗದ ಲೇಖನಕ್ಕೆ ಅದರ ಲೇಖಕರಿಗೇ ನಾಲ್ಕು ಸಾಲಿನ ಇ-ಮೇಲ್ ಬರೆಯಿರಿ. ಕೇಳಿದರೆ ಕಳುಹಿಸುವವರು ಬಹಳ ಜನ ಇದ್ದಾರೆ, ಕೇಳುವವರೇ ಕಡಿಮೆ.

ಹಂತ 1: ವಿಷಯವನ್ನು ಪ್ರಶ್ನೆಯಾಗಿ ತಿರುಗಿಸಿ

'ತೊಗರಿಯ ರೋಗಗಳು' ಎಂಬುದು ವಿಷಯ. ಅದರ ಮೇಲೆ ಸಮೀಕ್ಷೆ ಬರೆಯಲು ಹೊರಟರೆ ಜೀವಮಾನವೇ ಸಾಲದು. 'ಮಳೆಯಾಶ್ರಿತ ಕಪ್ಪು ಭೂಮಿಯಲ್ಲಿ ನೆಟೆ ರೋಗ ತಡೆಯುವ ತಳಿಗಳ ನಿರೋಧಕತೆ ಎಷ್ಟು ಕಾಲ ಉಳಿಯುತ್ತದೆ?' ಎಂಬುದು ಪ್ರಶ್ನೆ. ನೆಟೆ ಎಂದರೆ ಶಿಲೀಂಧ್ರದಿಂದ ಗಿಡ ಸೊರಗಿ ಒಣಗುವ ರೋಗ. ಈ ಪ್ರಶ್ನೆಯನ್ನು ಮೂರು ನಾಲ್ಕು ಉಪಪ್ರಶ್ನೆಗಳಾಗಿ ಒಡೆಯಿರಿ: ನಿರೋಧಕತೆಯನ್ನು ಅಳೆಯುವುದು ಹೇಗೆ? ಶಿಲೀಂಧ್ರದಲ್ಲಿ ಎಷ್ಟು ಬಗೆಗಳಿವೆ? ಮಣ್ಣು ಮತ್ತು ತೇವದ ಪಾತ್ರವೇನು? ಹೊಲದಲ್ಲಿ ಹಲವು ವರ್ಷ ಬೆಳೆದ ಮೇಲೆ ತಳಿ ಹೇಗೆ ನಡೆದುಕೊಂಡಿದೆ?

ಈ ಉಪಪ್ರಶ್ನೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆದಿಡಿ, ಮುಂದೆ ಇವೇ ನಿಮ್ಮ ಉಪಶೀರ್ಷಿಕೆಗಳಾಗುತ್ತವೆ. ಉಪಪ್ರಶ್ನೆ ಐದನ್ನು ದಾಟಿದರೆ ನೀವು ಎರಡು ಮಹಾಪ್ರಬಂಧಗಳನ್ನು ಒಂದರಲ್ಲಿ ತುರುಕಲು ಹೊರಟಿದ್ದೀರಿ ಎಂದು ಅರ್ಥ. ಆ ದಿನವೇ ಮಾರ್ಗದರ್ಶಕರ ಬಳಿ ಹೋಗಿ.

ಹಂತ 2: ಹುಡುಕುವ ಪದಗಳ ಪಟ್ಟಿ ಮಾಡಿ

ಈ ಹಂತಕ್ಕೆ ಎರಡು ಪೂರ್ತಿ ದಿನ ಕೊಡಿ ಎಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ಆದರೆ ಎಷ್ಟೋ ಸಮೀಕ್ಷೆಗಳು ಅರ್ಧ ಕುರುಡಾಗುವುದು ಇಲ್ಲಿಯೇ.

ಮೇಲೆ ಹೇಳಿದ ವಿದ್ಯಾರ್ಥಿನಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದ್ದು 'ರೆಡ್ ಗ್ರಾಮ್' ಎಂಬ ಹೆಸರಿನಿಂದ ಮಾತ್ರ. ನಮ್ಮ ಕಡೆಯ ಪಠ್ಯಪುಸ್ತಕಗಳಲ್ಲಿ, ಬೀಜದ ಚೀಲಗಳ ಮೇಲೆ ಇರುವ ಹೆಸರು ಅದೇ. ಅಂತರರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಅದೇ ಬೆಳೆ 'ಪಿಜನ್‌ಪೀ'. ಇದನ್ನು ಕೆಲವರು ಒಂದೇ ಪದವಾಗಿ ಬರೆದರೆ ಕೆಲವರು ಎರಡಾಗಿ ಒಡೆದು ಬರೆಯುತ್ತಾರೆ, ಯಂತ್ರ ಇವೆರಡನ್ನೂ ಬೇರೆಬೇರೆ ಎಂದೇ ತಿಳಿಯಬಹುದು. ಇದರ ಮೇಲೆ 'ಕಜಾನಸ್ ಕಜಾನ್' ಎಂಬ ವೈಜ್ಞಾನಿಕ ಹೆಸರಿದೆ. ಉತ್ತರ ಭಾರತದ ಬರಹಗಳಲ್ಲಿ 'ಅರ್ಹರ್', 'ತುರ್' ಇವೆ. ನಮ್ಮ ಮನೆಯಿಂದ ನಾಲ್ಕೈದು ಗಂಟೆಯ ದಾರಿಯಲ್ಲಿರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ದಶಕಗಳ ಕೆಲಸ 'ಪಿಜನ್‌ಪೀ' ಹೆಸರಿನಲ್ಲಿದ್ದ ಕಾರಣ ಅವಳ ಬಲೆಗೆ ಹೆಚ್ಚು ಕಡಿಮೆ ಬಿದ್ದೇ ಇರಲಿಲ್ಲ.

ರೋಗದ ಹೆಸರಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೊಲದಲ್ಲಿ ಗಿಡ ಒಣಗಿ ನಿಂತರೆ 'ನೆಟೆ ಹತ್ತಿದೆ' ಎಂದುಬಿಡುವುದುಂಟು. ವಿಜ್ಞಾನದ ಕಣ್ಣಿಗೆ ಅದು ಫ್ಯುಸೇರಿಯಂ ಸೊರಗು ಇರಬಹುದು, ಒಣ ಬೇರು ಕೊಳೆ ಇರಬಹುದು, ಫೈಟಾಫ್ತೊರಾ ಅಂಗಮಾರಿಯೂ ಇರಬಹುದು. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ, ಲೇಖನಗಳೂ ಬೇರೆ. ಶಿಲೀಂಧ್ರಗಳ ಹೆಸರುಗಳೂ ಕಾಲಕಾಲಕ್ಕೆ ಬದಲಾಗಿವೆ. ಫ್ಯುಸೇರಿಯಂ ಉಡಮ್ ಹಳೆಯ ಬರಹಗಳಲ್ಲಿ ಫ್ಯುಸೇರಿಯಂ ಆಕ್ಸಿಸ್ಪೋರಮ್‌ನ ಒಂದು ವಿಶೇಷ ರೂಪವಾಗಿ ಕಾಣುತ್ತದೆ. ಒಣ ಬೇರು ಕೊಳೆಯ ಶಿಲೀಂಧ್ರ ಒಂದು ಕಡೆ ರೈಜೊಕ್ಟೋನಿಯಾ ಬಟಾಟಿಕೋಲ, ಇನ್ನೊಂದು ಕಡೆ ಮ್ಯಾಕ್ರೊಫೊಮಿನಾ ಫೆಸಿಯೋಲಿನಾ. ಒಂದೇ ಜೀವಿಗೆ ಎರಡು ಹೆಸರು ಎಂಬುದು ತಿಳಿಯದೆ ಎರಡು ರೋಗಗಳಿವೆ ಎಂದು ಬರೆದ ಕರಡನ್ನೂ ನೋಡಿದ್ದೇನೆ.

ಹಾಗಾಗಿ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಂಬ ಎಳೆಯಿರಿ: ಬೆಳೆ, ರೋಗ, ನಾನು ತಿಳಿಯಬೇಕಾದ ಗುಣ. ಪ್ರತಿ ಕಂಬದಲ್ಲಿ ಗೊತ್ತಿರುವ ಎಲ್ಲ ಹೆಸರು, ಹಳೆಯ ಹೆಸರು, ಕಾಗುಣಿತದ ರೂಪಗಳನ್ನು ಬರೆಯಿರಿ. ಒಂದೇ ಕಂಬದ ಪದಗಳ ನಡುವೆ 'ಆರ್' ಹಾಕಿ ಆವರಣದೊಳಗಿಡಿ, ಕಂಬ ಕಂಬಗಳ ನಡುವೆ 'ಆ್ಯಂಡ್' ಹಾಕಿ. ಜೋಡಿಸುವ ಈ ಎರಡು ಪದಗಳನ್ನು (OR, AND) ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಟೈಪ್ ಮಾಡಬೇಕು. ಎರಡು ಪದ ಒಟ್ಟಿಗೇ ಬರಬೇಕಾದಲ್ಲಿ ಉದ್ಧರಣ ಚಿಹ್ನೆ ಹಾಕಿ.

ಹಂತ 3: ಹುಡುಕಿ, ಹುಡುಕಿದ್ದನ್ನು ದಾಖಲಿಸಿ

ಒಂದೇ ಜಾಗದಲ್ಲಿ ಹುಡುಕಿ ನಿಲ್ಲಿಸಬೇಡಿ. ಗೂಗಲ್ ಸ್ಕಾಲರ್ ವಿಶಾಲವಾಗಿದೆ ನಿಜ, ಆದರೆ ಲಕ್ಷ ಫಲಿತಾಂಶ ಇದೆ ಎಂದು ತೋರಿಸಿದರೂ ಅದು ನೋಡಲು ಬಿಡುವುದು ಮೊದಲ ಸಾವಿರವನ್ನು ಮಾತ್ರ. ಅದರ ಜೊತೆಗೆ ನಿಮ್ಮ ಸಂಸ್ಥೆಯಲ್ಲಿ ಲಭ್ಯವಿದ್ದರೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್, ಜೀವವಿಜ್ಞಾನ ಮತ್ತು ವೈದ್ಯಕೀಯಕ್ಕೆ ಪಬ್‌ಮೆಡ್, ಇವುಗಳಲ್ಲಿ ಒಂದನ್ನಾದರೂ ಬಳಸಿ. ಭಾರತೀಯ ಪಿಎಚ್‌ಡಿ ಮಹಾಪ್ರಬಂಧಗಳು ಶೋಧಗಂಗಾದಲ್ಲಿಯೂ, ಕೃಷಿ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಕೃಷಿಕೋಶದಲ್ಲಿಯೂ ಸಿಗುತ್ತವೆ. ನಮ್ಮ ಭಾಗದ ಮಣ್ಣಿನಲ್ಲಿ ನಡೆದ ಎಷ್ಟೋ ಪ್ರಯೋಗಗಳು ಲೇಖನವಾಗದೆ ಮಹಾಪ್ರಬಂಧಗಳಲ್ಲೇ ಉಳಿದಿವೆ. ಅವುಗಳನ್ನು ಬಿಟ್ಟರೆ ಊರಿನ ಸುದ್ದಿಯೇ ಗೊತ್ತಿಲ್ಲದೆ ಲೋಕದ ಸುದ್ದಿ ಹೇಳಿದಂತಾಗುತ್ತದೆ.

ಒಂದು ಒಳ್ಳೆಯ ಲೇಖನ ಸಿಕ್ಕಿತೇ? ಅದರ ಉಲ್ಲೇಖಪಟ್ಟಿ ನೋಡಿ ಹಿಂದಕ್ಕೆ ಹೋಗಿ. ಆಮೇಲೆ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗಿನ 'ಸೈಟೆಡ್ ಬೈ' ಒತ್ತಿ ಮುಂದಕ್ಕೆ ಬನ್ನಿ. ಹೀಗೆ ಹಿಂದೆ ಮುಂದೆ ಓಡಾಡುವಾಗ ಹೊಸ ಹೆಸರು ಸಿಗುವುದು ನಿಂತು ಕಂಡ ಮುಖಗಳೇ ಮತ್ತೆ ಮತ್ತೆ ಕಾಣತೊಡಗಿದರೆ ಹುಡುಕಾಟ ಮುಗಿಯುತ್ತಾ ಬಂದಿದೆ ಎಂದರ್ಥ.

ಪ್ರತಿ ಹುಡುಕಾಟಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಖು, ಎಲ್ಲಿ ಹುಡುಕಿದೆ, ಟೈಪ್ ಮಾಡಿದ ಪದಗಳು ಇದ್ದಂತೆಯೇ, ಎಷ್ಟು ಫಲಿತಾಂಶ, ಎಷ್ಟನ್ನು ಇಟ್ಟುಕೊಂಡೆ. ನನ್ನ ಸಂಶೋಧನೆಯ ಕಾಲದಲ್ಲಿ ನಾನು ಈ ದಾಖಲೆ ಇಡಲಿಲ್ಲ. 'ಇದರ ಬಗ್ಗೆ ಯಾರೂ ಅಧ್ಯಯನ ಮಾಡಿಲ್ಲ' ಎಂದು ಬರೆದಿದ್ದ ನನ್ನನ್ನು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, 'ಯಾವ ಪದಗಳಿಂದ, ಎಲ್ಲಿ ಹುಡುಕಿದಿರಿ?' ಎಂದು ಕೇಳಿದರು. ಉತ್ತರವಿರಲಿಲ್ಲ. ಆ ವಾಕ್ಯವನ್ನು ಮಹಾಪ್ರಬಂಧದಿಂದ ತೆಗೆಯಬೇಕಾಯಿತು.

ಹಂತ 4: ಎರಡು ಜರಡಿ

ಸಿಕ್ಕಿದ್ದನ್ನೆಲ್ಲ ಓದಲು ಹೋಗಬೇಡಿ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗಿಡಬೇಕು ಎಂಬ ನಿಯಮವನ್ನು ಜರಡಿ ಹಿಡಿಯುವ ಮೊದಲೇ ಬರೆದಿಡಿ. ನಮ್ಮ ಉದಾಹರಣೆಯಲ್ಲಿ 'ಹೊಲದ ಅಥವಾ ರೋಗಗ್ರಸ್ತ ತಾಕಿನ ಪ್ರಯೋಗವಿರಬೇಕು. ಬರೀ ಪ್ರಯೋಗಶಾಲೆಯ ತಟ್ಟೆಯಲ್ಲಿ ನಡೆದದ್ದು ಬೇಡ' ಎಂಬುದು ಒಂದು ನಿಯಮ. ಮೊದಲ ಜರಡಿಯಲ್ಲಿ ಶೀರ್ಷಿಕೆ ಮತ್ತು ಸಾರಾಂಶ ಮಾತ್ರ. ಎರಡನೆಯದರಲ್ಲಿ ಪೂರ್ಣಪಾಠ ತೆರೆದು ವಿಧಾನದ ಭಾಗ ನೋಡುವುದು. ಹೊರಗಿಟ್ಟ ಪ್ರತಿಯೊಂದಕ್ಕೂ ಕಾರಣವನ್ನು ಎರಡು ಪದದಲ್ಲಿ ಗುರುತು ಹಾಕಿ.

ನಿಮ್ಮದು 'ವ್ಯವಸ್ಥಿತ ಸಮೀಕ್ಷೆ' ಎಂದು ಹೆಸರಿಟ್ಟುಕೊಂಡಿದ್ದರೆ ಅಂಥ ಸಮೀಕ್ಷೆಗಳನ್ನು ವರದಿ ಮಾಡುವ ಕ್ರಮ ಹೇಳುವ ಪ್ರಿಸ್ಮಾ 2020 ಮಾರ್ಗಸೂಚಿಯ 27 ಅಂಶಗಳನ್ನೂ ಪಾಲಿಸಬೇಕು. ಸಾಮಾನ್ಯ ಅಧ್ಯಾಯಕ್ಕೆ ಅಷ್ಟು ಬೇಡ, ಆದರೂ ಅದರ ಹರಿವಿನ ಚಿತ್ರವನ್ನು ಬಿಡಿಸಿಟ್ಟರೆ ಒಳ್ಳೆಯದು: ಎಷ್ಟು ಸಿಕ್ಕವು, ಎಷ್ಟು ಬಿದ್ದವು, ಎಷ್ಟು ಉಳಿದವು.

ಇಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು, ಹಣ ಪಡೆದು ಪರಿಶೀಲನೆ ಇಲ್ಲದೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕೆಗಳು. ಇವುಗಳನ್ನು ಬೇರ್ಪಡಿಸಲು ವಿದ್ಯಾರ್ಥಿಗಳು ನೆಚ್ಚಿಕೊಂಡಿದ್ದ ಯುಜಿಸಿಯ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಇನ್ನು ನೀವೇ ಕಣ್ಣಿಟ್ಟು ನೋಡಬೇಕು: ಸಂಪಾದಕ ಮಂಡಳಿಯವರು ನಿಜವಾಗಿ ಆ ಕ್ಷೇತ್ರದವರೇ, ಸಲ್ಲಿಸಿದ ದಿನಕ್ಕೂ ಒಪ್ಪಿಕೊಂಡ ದಿನಕ್ಕೂ ನಾಲ್ಕೇ ದಿನದ ಅಂತರವೇ, ಒಂದೇ ಸಂಚಿಕೆಯಲ್ಲಿ ತೊಗರಿ, ಬ್ಯಾಂಕಿಂಗ್ ಮತ್ತು ಯೋಗ ಮೂರೂ ಇವೆಯೇ? ಎರಡನೆಯದು, ಹಿಂತೆಗೆದುಕೊಂಡ ಲೇಖನಗಳು. ಜೊಟೆರೊ ನಿಮ್ಮ ಸಂಗ್ರಹದಲ್ಲಿ ಅಂಥದ್ದಿದ್ದರೆ ಎಚ್ಚರಿಕೆ ತೋರಿಸುತ್ತದೆ, ಅದನ್ನು ಮುಚ್ಚಿ ಮುಂದೆ ಹೋಗಬೇಡಿ. ಮೂರನೆಯದು ಈಚಿನದು. ಕೃತಕ ಬುದ್ಧಿಮತ್ತೆಯ ಸಂಭಾಷಣಾ ತಂತ್ರಾಂಶವನ್ನು ಉಲ್ಲೇಖ ಕೊಡು ಎಂದು ಕೇಳಿದರೆ ಲೇಖಕರು, ಇಸವಿ, ಪುಟಸಂಖ್ಯೆ ಎಲ್ಲ ಇರುವ, ಆದರೆ ಲೋಕದಲ್ಲೇ ಇಲ್ಲದ ಲೇಖನವನ್ನು ಅದು ಕಟ್ಟಿಕೊಡಬಲ್ಲದು. ಲೇಖನದ ಶಾಶ್ವತ ಗುರುತಾದ ಡಿಒಐ ಸಂಖ್ಯೆ ಹಾಕಿ ಅದನ್ನು ತೆರೆದು ನಿಮ್ಮ ಕಣ್ಣಿಂದ ನೋಡುವವರೆಗೂ ಯಾವ ಉಲ್ಲೇಖವನ್ನೂ ಪಟ್ಟಿಗೆ ಸೇರಿಸಬೇಡಿ.

ಹಂತ 5: ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಟಿಪ್ಪಣಿ ಮಾಡಿ

ಈ ಮಾರ್ಗದರ್ಶಿಯಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರಿಗೆ ನಾನು ಕೊಡುವುದು ಈ ಹಂತವನ್ನು.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷ್ ಲೇಖನವನ್ನು ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಆ ಅರ್ಥವನ್ನು ತಮ್ಮ ಇಂಗ್ಲಿಷಿನಲ್ಲಿ ಹೇಳಲು ಅಳುಕುತ್ತಾರೆ. ಆಗ ಸಾರಾಂಶದ ಸಾಲನ್ನೇ ನಕಲಿಸಿ ಎರಡು ಪದ ಬದಲಿಸುತ್ತಾರೆ. ಮೋಸ ಮಾಡುವ ಉದ್ದೇಶ ಅವರಿಗಿರುವುದಿಲ್ಲ. ತಮ್ಮ ವಾಕ್ಯ ತಪ್ಪಾದೀತೆಂಬ ಹೆದರಿಕೆ ಅದು. ಆದರೆ ಹೋಲಿಕೆ ತಪಾಸಣೆಯ ತಂತ್ರಾಂಶಕ್ಕೆ ಹೆದರಿಕೆಯೂ ಮೋಸವೂ ಒಂದೇ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು.

ಪದ ಬದಲಿಸುವ ಕಸರತ್ತಿನಿಂದ ಇದನ್ನು ಗೆಲ್ಲಲಾಗದು. ದಾರಿ ಇದು. ಲೇಖನವನ್ನು ಈ ಕ್ರಮದಲ್ಲಿ ಓದಿ: ಸಾರಾಂಶ, ಬಳಿಕ ಕೋಷ್ಟಕ ಮತ್ತು ಚಿತ್ರಗಳು, ಬಳಿಕ ವಿಧಾನ, ಬಳಿಕ ಫಲಿತಾಂಶ. ಲೇಖಕರ ಚರ್ಚೆಯ ಭಾಗವನ್ನು ಕೊನೆಗಿಡಿ. ಮೊದಲೇ ಅದನ್ನು ಓದಿದರೆ ಅವರ ಅಭಿಪ್ರಾಯವೇ ನಿಮ್ಮ ಕಣ್ಣಾಗಿಬಿಡುತ್ತದೆ. ಓದಿ ಮುಗಿದ ಮೇಲೆ ಲೇಖನವನ್ನು ಮುಚ್ಚಿ. ಪರದೆಯನ್ನೂ ಮಡಚಿ. ಈಗ ಊರಿನಲ್ಲಿರುವ ತಮ್ಮನಿಗೋ ಅಪ್ಪನಿಗೋ ಹೇಳುವಂತೆ, ಅವರು ಏನು ಮಾಡಿದರು, ಏನು ಸಿಕ್ಕಿತು, ಎಲ್ಲಿ ನನಗೆ ಅನುಮಾನ ಎಂದು ಕನ್ನಡದಲ್ಲಿ ಐದಾರು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಲೇಖನ ಅರ್ಥವಾಗಿಲ್ಲ, ಮತ್ತೆ ತೆರೆಯಿರಿ. ಸಂಖ್ಯೆಗಳನ್ನು ಮಾತ್ರ ಕೊನೆಯಲ್ಲಿ ಲೇಖನ ತೆರೆದು, ಪುಟಸಂಖ್ಯೆಯೊಂದಿಗೆ ತುಂಬಿ.

ಮೊದಲು ಹೇಳಿದ ವಿದ್ಯಾರ್ಥಿನಿಯ ಟಿಪ್ಪಣಿ ಪುಸ್ತಕದಲ್ಲಿ ಈಗ ಇರುವ ಒಂದು ಸಾಲು ಹೀಗಿದೆ: 'ಮಾರುತಿ ತಳಿ ನೆಟೆಯನ್ನು ತಡೆಯುತ್ತದೆ, ಗೊಡ್ಡು ರೋಗಕ್ಕೆ ಬೀಳುತ್ತದೆ. ಆಶಾ ಎರಡನ್ನೂ ತಡೆಯುತ್ತದೆ. ಬರೀ ನಿರೋಧಕ ಎಂದು ಬರೆಯಬಾರದು, ಯಾವುದಕ್ಕೆ ಎಂದು ಹೇಳಬೇಕು.' ಮೊದಲ ಕರಡಿನಲ್ಲಿ ಮಾರುತಿಯನ್ನು ಅವಳು 'ರೋಗನಿರೋಧಕ ತಳಿ' ಎಂದಷ್ಟೇ ಇಂಗ್ಲಿಷಿನಲ್ಲಿ ನಕಲಿಸಿದ್ದಳು. ಗೊಡ್ಡು ರೋಗ ಎಂದರೆ ಗಿಡ ಹೂ, ಕಾಯಿ ಬಿಡದೆ ಗೊಡ್ಡಾಗಿ ನಿಲ್ಲುವ ರೋಗ. ಅದರ ಪ್ರಯೋಗಗಳಲ್ಲಿ ಅದೇ ಮಾರುತಿ ತಳಿಯನ್ನು, ಅಂದರೆ ಐಸಿಪಿ 8863 ಅನ್ನು, ರೋಗಕ್ಕೆ ಸುಲಭವಾಗಿ ತುತ್ತಾಗುವ ಹೋಲಿಕೆಯ ತಳಿಯಾಗಿ ಬಿತ್ತುತ್ತಾರೆ. ಆ ತಪ್ಪು ಅವಳಿಗೆ ಕಂಡದ್ದು ಕನ್ನಡದಲ್ಲಿ ಬರೆಯುವಾಗ.

ಅಧ್ಯಾಯ ಬರೆಯುವ ದಿನ ಎದುರಿಗಿರಬೇಕಾದದ್ದು ಈ ಕನ್ನಡ ಟಿಪ್ಪಣಿಗಳು ಮಾತ್ರ. ಅವುಗಳಿಂದ ಇಂಗ್ಲಿಷಿಗೆ ಹೋಗುವಾಗ ಹುಟ್ಟುವ ವಾಕ್ಯ ನಿಮ್ಮದೇ ಆಗಿರುತ್ತದೆ. ವ್ಯಾಕರಣ ತಪ್ಪಿದರೆ ತಿದ್ದಬಹುದು, ನಕಲಾದ ವಾಕ್ಯವನ್ನು ತಿದ್ದುವುದು ಬಹಳ ಕಷ್ಟ.

ಹಂತ 6: ಒಂದೇ ಕೋಷ್ಟಕಕ್ಕೆ ತನ್ನಿ, ಸಂಖ್ಯೆಯ ಮೂಲ ಹಿಡಿಯಿರಿ

ಪ್ರತಿ ಲೇಖನಕ್ಕೆ ಒಂದು ಅಡ್ಡ ಸಾಲು. ಕಂಬಗಳು: ಯಾವ ಉಪಪ್ರಶ್ನೆಗೆ ಉತ್ತರಿಸುತ್ತದೆ, ಎಲ್ಲಿ ಮತ್ತು ಯಾವ ಮಣ್ಣಿನಲ್ಲಿ, ಎಷ್ಟು ಹಂಗಾಮು, ಯಾವ ತಳಿ, ಅಳೆದ ವಿಧಾನ, ಮುಖ್ಯ ಸಂಖ್ಯೆ, ಅವರು ಮಾಡದೆ ಬಿಟ್ಟದ್ದು, ನನ್ನ ಅನುಮಾನ. ಕೊನೆಯ ಎರಡು ಕಂಬ ಖಾಲಿ ಬಿಡಬೇಡಿ. ಅಲ್ಲಿಂದಲೇ ನಿಮ್ಮ ಅಧ್ಯಾಯದ ಧ್ವನಿ ಬರುವುದು.

ಮಣ್ಣು, ಸ್ಥಳ, ಹಂಗಾಮಿನ ಕಂಬ ಏಕೆ ಬೇಕೆಂದು ಕೆಲವರು ಕೇಳುತ್ತಾರೆ. ಕಾನ್ಪುರದ ಸಂಶೋಧನೆಯ ಬಹುಭಾಗ ದೀರ್ಘಾವಧಿ ತಳಿಗಳ ಮೇಲೆ, ನದಿ ಮೆಕ್ಕಲು ಮಣ್ಣಿನಲ್ಲಿ ನಡೆದದ್ದು. ಅಲ್ಲಿನ ಫಲಿತಾಂಶವನ್ನು ಚಿತ್ತಾಪುರದ ಎರೆ ಹೊಲಕ್ಕೆ ಸೀದಾ ಅನ್ವಯಿಸಿದರೆ ಪರೀಕ್ಷಕರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಕೋಷ್ಟಕ ತುಂಬುವಾಗ ಬರಹಗಾರರ ಒಂದು ರೋಗ ಕಣ್ಣಿಗೆ ಬೀಳುತ್ತದೆ: ಒಂದೇ ಸಂಖ್ಯೆ ಹತ್ತಾರು ಲೇಖನಗಳಲ್ಲಿ. ತೊಗರಿ ಸೊರಗು ರೋಗದಿಂದ ಭಾರತಕ್ಕೆ ವರ್ಷಕ್ಕೆ 7.1 ಕೋಟಿ ಡಾಲರ್ ನಷ್ಟ ಎಂಬ ವಾಕ್ಯ ಈಚಿನ ಲೇಖನಗಳ ಪೀಠಿಕೆಯಲ್ಲೂ ವರ್ತಮಾನ ಕಾಲದಲ್ಲೇ ಬರುತ್ತದೆ. ಬೆನ್ನು ಹತ್ತಿ ಹೋದರೆ ಕನ್ನೈಯನ್ ಮತ್ತು ಸಂಗಡಿಗರ 1984ರ ಲೇಖನಕ್ಕೆ ಮುಟ್ಟುತ್ತೀರಿ. ಅಂದಿನ ಬೆಲೆ, ಅಂದಿನ ತಳಿ, ಅಂದಿನ ಕ್ಷೇತ್ರ. ನಲವತ್ತು ವರ್ಷದ ಹಿಂದಿನ ಅಂದಾಜನ್ನು 'ನಷ್ಟವಾಗುತ್ತಿದೆ' ಎಂದು ಬರೆದರೆ ಅದು ತಪ್ಪು. '1984ರಲ್ಲಿ ಪ್ರಕಟವಾದ ಅಂದಾಜಿನಂತೆ ಇಷ್ಟಿತ್ತು' ಎಂದು ಬರೆದರೆ ಸರಿ. ನಿಯಮ ಸರಳ: ಸಂಖ್ಯೆಯನ್ನು ಮೊದಲು ಹೇಳಿದ ಲೇಖನವನ್ನು ನೀವೇ ಓದಿ, ಅದನ್ನೇ ಉಲ್ಲೇಖಿಸಿ. ಮೂಲ ಸಿಗಲೇ ಇಲ್ಲವಾದರೆ, ಯಾರ ಬರಹದಲ್ಲಿ ಓದಿದಿರೋ ಅವರ ಮೂಲಕ ಎಂದು ಮುಚ್ಚುಮರೆಯಿಲ್ಲದೆ ಹೇಳಿ.

ಹಂತ 7: ನೆಲದ ಮೇಲೆ ಹರಡಿ, ಗುಂಪು ಮಾಡಿ

ಕಂಪ್ಯೂಟರ್ ಬದಿಗಿಡಿ. ಪ್ರತಿ ಲೇಖನದ ಹೆಸರನ್ನೂ ಅದರ ಒಂದು ಸಾಲಿನ ತಿರುಳನ್ನೂ ಚೀಟಿಯ ಮೇಲೆ ಬರೆದು ನೆಲದ ಮೇಲೆ ಹರಡಿ. ಮೇ ತಿಂಗಳಾದರೆ ಫ್ಯಾನ್ ಆರಿಸಬೇಕಾಗುತ್ತದೆ, ಬೆಳಗಿನ ಹೊತ್ತೇ ಒಳ್ಳೆಯದು. ಇಸವಿಯ ಪ್ರಕಾರ ಜೋಡಿಸಬೇಡಿ, ಲೇಖಕರ ಪ್ರಕಾರವೂ ಬೇಡ. ಮೊದಲ ಪುಟದ ಉಪಪ್ರಶ್ನೆಗಳ ಕೆಳಗೆ ಜೋಡಿಸಿ. ಪ್ರತಿ ಗುಂಪಿನೊಳಗೆ ಮತ್ತೆ ಮೂರು ರಾಶಿ: ಒಂದೇ ಮಾತು ಹೇಳುವವು, ಅದಕ್ಕೆ ಎದುರು ಹೇಳುವವು, ಎರಡಕ್ಕೂ ಸೇರದವು.

ಎದುರು ಹೇಳುವ ರಾಶಿ ಪೂರ್ತಿ ಖಾಲಿ ಇದ್ದರೆ ಅನುಮಾನ ಪಡಿ. ಬಹುಶಃ ನಿಮಗೆ ಬೇಕಾದ ಉತ್ತರ ಕೊಡುವ ಲೇಖನಗಳನ್ನಷ್ಟೇ ಆರಿಸಿದ್ದೀರಿ. ಎರಡನೇ ಹಂತದ ಪದಪಟ್ಟಿಗೆ ಮರಳಿ.

ಎದುರು ಬದುರು ಲೇಖನಗಳು ಸಿಕ್ಕಾಗ ಕಾರಣವನ್ನು ಕೋಷ್ಟಕದಲ್ಲೇ ಹುಡುಕಿ. ಒಂದು ಊರಿನಲ್ಲಿ ತಡೆದ ತಳಿ ಇನ್ನೊಂದು ಊರಿನಲ್ಲಿ ಬಿದ್ದಿದ್ದರೆ ಶಿಲೀಂಧ್ರದ ಬಗೆ ಬೇರೆಯೇ, ಮಣ್ಣು ಬೇರೆಯೇ, ಅಳತೆಯ ವಿಧಾನ ಬೇರೆಯೇ? ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆದರೆ ಅದೇ ಆ ಪ್ಯಾರಾದ ಮೊದಲ ವಾಕ್ಯವಾಗುತ್ತದೆ.

ಹಂತ 8: ಈಗ ಬರೆಯಿರಿ

ಪ್ಯಾರಾದ ಮೊದಲ ವಾಕ್ಯ ಯಾರ ಹೆಸರಿನಿಂದಲೂ ಶುರುವಾಗಬಾರದು. ಅದು ನಿಮ್ಮ ಮಾತಾಗಿರಬೇಕು. ಹೆಸರುಗಳು ಅದಕ್ಕೆ ಸಾಕ್ಷಿಗಳಾಗಿ ಹಿಂದೆ ಬರಲಿ. ಒಂದೇ ವಿಷಯವನ್ನು ಎರಡು ರೀತಿಯಲ್ಲಿ ಬರೆದು ತೋರಿಸುತ್ತೇನೆ.

ಆ ವಿದ್ಯಾರ್ಥಿನಿಯ ಮೊದಲ ಕರಡು: 'ಮಿತ್ರ (1931) ಪೂಸಾದಲ್ಲಿ ತೊಗರಿಯ ಗೊಡ್ಡು ರೋಗವನ್ನು ವರದಿ ಮಾಡಿದ್ದಾರೆ. ಸೇಠ್ (1962) ಈ ರೋಗ ನುಸಿಯಿಂದ ಹರಡುತ್ತದೆ ಎಂದು ವರದಿ ಮಾಡಿದ್ದಾರೆ. ಕುಮಾರ್ ಮತ್ತು ಇತರರು (2003) ರೋಗಕ್ಕೆ ಸಂಬಂಧಿಸಿದ ವೈರಾಣುವಿನ ಬಗ್ಗೆ ವರದಿ ಮಾಡಿದ್ದಾರೆ.'

ಕೋಷ್ಟಕ ಮತ್ತು ಚೀಟಿಗಳ ಬಳಿಕ ಬರೆದದ್ದು: 'ಗೊಡ್ಡು ರೋಗದ ಹಳೆಯ ನಿರೋಧಕತೆಯ ದಾಖಲೆಗಳನ್ನು ಎಚ್ಚರದಿಂದ ಓದಬೇಕು. ರೋಗ 1931ರಲ್ಲೇ ದಾಖಲಾದರೂ (ಮಿತ್ರ) ಅದನ್ನು ಹರಡುವ ನುಸಿ ಗೊತ್ತಾಗಲು ಮೂರು ದಶಕ (ಸೇಠ್, 1962), ವೈರಾಣುವಿನ ಗುರುತು ಸಿಗಲು ಸುಮಾರು ಏಳು ದಶಕ ಹಿಡಿಯಿತು (ಕುಮಾರ್ ಮತ್ತು ಇತರರು, 2003). ಆ ನಡುವೆ ತಳಿಗಳನ್ನು ಆರಿಸಿದ್ದು ಗಿಡದ ಲಕ್ಷಣ ನೋಡಿ, ವೈರಾಣುವನ್ನು ಪತ್ತೆ ಹಚ್ಚಿ ಅಲ್ಲ. ಹೀಗಾಗಿ ಅಂದು ನಿರೋಧಕ ಎನಿಸಿದ ತಳಿ ತಡೆದದ್ದು ವೈರಾಣುವನ್ನೋ ನುಸಿಯನ್ನೋ ಎಂಬುದನ್ನು ಆ ದಾಖಲೆಗಳಿಂದಷ್ಟೇ ನಿರ್ಧರಿಸಲಾಗದು.'

ಮೂರೂ ಉಲ್ಲೇಖಗಳು ಎರಡರಲ್ಲೂ ಇವೆ. ಎರಡನೆಯದರಲ್ಲಿ ವಾಕ್ಯಗಳನ್ನು ಅದಲುಬದಲು ಮಾಡಲಾಗದು, ಮಾಡಿದರೆ ವಾದ ಮುರಿಯುತ್ತದೆ. ನಿಮ್ಮ ಪ್ಯಾರಾ ಗಟ್ಟಿಯಾಗಿದೆಯೇ ಎಂದು ತಿಳಿಯಲು ಈ ಪರೀಕ್ಷೆ ಸಾಕು. ಪ್ಯಾರಾಗಳ ನಡುವೆಯೂ ಅದೇ ಪರೀಕ್ಷೆ ಮಾಡಿ.

ಕಾಲದ ವಿಷಯದಲ್ಲೂ ಎಚ್ಚರವಿರಲಿ. ಯಾರೋ ಮಾಡಿದ ಪ್ರಯೋಗ ಭೂತಕಾಲದಲ್ಲಿ, ಈಗ ಎಲ್ಲರೂ ಒಪ್ಪಿರುವ ಸಂಗತಿ ವರ್ತಮಾನದಲ್ಲಿ. ಮತ್ತೆ, ಒಂದು ವಾಕ್ಯದ ಕೊನೆಗೆ ಎಂಟು ಹತ್ತು ಉಲ್ಲೇಖ ಪೋಣಿಸುವ ಅಭ್ಯಾಸ ಬಿಡಿ. ಅವುಗಳಲ್ಲಿ ಯಾವುದು ನಿಜವಾಗಿ ಆ ಮಾತನ್ನು ಹೇಳಿದೆ ಎಂದು ಪರೀಕ್ಷಕರು ಕೇಳಿದರೆ ಉತ್ತರಿಸುವವರು ನೀವು. ಎರಡು ಮೂರು ಬಲವಾದವು ಸಾಕು.

ಹಂತ 9: ಕೊರತೆಯನ್ನು ತೋರಿಸಿ, ಕೊನೆಯ ತಪಾಸಣೆ ಮಾಡಿ

ಅಧ್ಯಾಯದ ಕೊನೆಯಲ್ಲಿ ಇದುವರೆಗೆ ಆಗದಿರುವ ಕೆಲಸ ಯಾವುದು ಎಂದು ಹೇಳಬೇಕು. 'ಕಲಬುರಗಿ ಜಿಲ್ಲೆಯಲ್ಲಿ ಈ ಅಧ್ಯಯನ ನಡೆದಿಲ್ಲ' ಎಂಬುದೊಂದೇ ಸಾಲುವುದಿಲ್ಲ. ನಡೆಯದಿರುವುದರಿಂದ ಏನು ತಿಳಿಯದೆ ಉಳಿದಿದೆ, ಇಲ್ಲಿನ ಮಣ್ಣು ಮಳೆಯಲ್ಲಿ ಉತ್ತರ ಬೇರೆಯಾಗಬಹುದು ಎನ್ನಲು ಯಾವ ಆಧಾರವಿದೆ ಎಂದು ಬರೆಯಿರಿ. ಆ ಆಧಾರ ನಿಮ್ಮ ಕೋಷ್ಟಕದ 'ಮಾಡದೆ ಬಿಟ್ಟದ್ದು' ಕಂಬದಲ್ಲಿದೆ. ಅಲ್ಲಿ ಒಂದೇ ಕೊರತೆ ಎಷ್ಟು ಸಾಲುಗಳಲ್ಲಿ ಮರುಕಳಿಸಿದೆ ಎಂದು ಎಣಿಸಿ, ಆ ಎಣಿಕೆಯನ್ನೇ ಅಧ್ಯಾಯದಲ್ಲಿ ಹೇಳಿ.

ಬಳಿಕ ಪಠ್ಯದಲ್ಲಿರುವ ಪ್ರತಿ ಹೆಸರು ಪಟ್ಟಿಯಲ್ಲಿದೆಯೇ, ಪಟ್ಟಿಯಲ್ಲಿರುವ ಪ್ರತಿ ಹೆಸರು ಪಠ್ಯದಲ್ಲಿದೆಯೇ ಎಂದು ಗೆಳೆಯರೊಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿ ಟಿಕ್ ಹಾಕಿ. ಒಬ್ಬರೇ ಮಾಡಿದರೆ ಕಣ್ಣು ಮೋಸ ಹೋಗುತ್ತದೆ. ಹೋಲಿಕೆ ತಪಾಸಣೆಯನ್ನು ಸಲ್ಲಿಸುವ ವಾರದಲ್ಲಿ ಮಾಡಿಸಬೇಡಿ, ಎರಡು ತಿಂಗಳ ಮೊದಲೇ ಮಾಡಿಸಿ.

ಮಾರ್ಗದರ್ಶಕರ ಬಳಿ ಹೋಗುವಾಗ ಅಧ್ಯಾಯವನ್ನು ಮಾತ್ರ ಒಯ್ಯಬೇಡಿ. ಹುಡುಕಾಟದ ನೋಟ್‌ಬುಕ್ಕನ್ನೂ ಕೋಷ್ಟಕದ ಮುದ್ರಿತ ಪ್ರತಿಯನ್ನೂ ಒಯ್ಯಿರಿ. 'ಪುನಃ' ಎಂದು ಬರೆಯುವ ಮೊದಲು ಎಲ್ಲಿ ತಪ್ಪಿದೆ ಎಂದು ಕೈ ಇಟ್ಟು ತೋರಿಸಲು ಅವರಿಗೆ ಸಾಧ್ಯವಾಗುತ್ತದೆ.

ಸಮೀಕ್ಷೆಯನ್ನು ಮೊದಲ ವರ್ಷದಲ್ಲಿ ಬರೆದು, ಮಹಾಪ್ರಬಂಧವನ್ನು ನಾಲ್ಕನೇ ವರ್ಷದಲ್ಲಿ ಸಲ್ಲಿಸುವವರೇ ಹೆಚ್ಚು. ಆ ನಡುವಿನ ಮೂರು ವರ್ಷ ಅಧ್ಯಾಯದಲ್ಲಿ ಇರುವುದೇ ಇಲ್ಲ. ಸಲ್ಲಿಸುವ ಎರಡು ತಿಂಗಳ ಮೊದಲು ನೋಟ್‌ಬುಕ್ಕಿನ ಹಳೆಯ ಸಾಲುಗಳನ್ನು ತೆರೆದು, ಅವೇ ಪದಗಳನ್ನು ಅವೇ ಜಾಗಗಳಲ್ಲಿ ಮತ್ತೆ ಹಾಕಿ, ಕೊನೆಯ ಹುಡುಕಾಟದ ತಾರೀಖಿನ ನಂತರ ಬಂದವನ್ನಷ್ಟೇ ಜರಡಿಗೆ ಹಾಕಿ. ದಾಖಲೆ ಇಟ್ಟವರಿಗೆ ಇದು ಒಂದು ವಾರದ ಕೆಲಸ.